ಹಿಮ್ಮಡಿಯ ಕೆಳಗಿನ ಸಿಂಬೆ

ಅಮ್ಮ ಎರಡು ತಿಂಗಳಿಂದ ಮುಂದಿನ ಕೋಣೆಯ ಕಿಟಕಿಯ ಪಕ್ಕ ಮಲಗಿದ್ದಳು. ಬಚ್ಚಲಲ್ಲಿ ಜಾರಿಬಿದ್ದು ಸೊಂಟದ ಮೂಳೆ ಮುರಿದುಕೊಂಡ ಮೇಲೆ ಅವಳ ನಿದ್ದೆಗೂ ಎಚ್ಚರಕ್ಕೂ ನಡುವಿನ ಗೋಡೆ ತೆಳ್ಳಗಾಗಿತ್ತು. ಪರದೆ ದಾಟಿ ಬಂದ ಬಿಸಿಲು ಹೊದಿಕೆಯ ಮೇಲೆ ಮೆಲ್ಲಗೆ ನಡೆಯುತ್ತಿತ್ತು. ಅದು ಎದೆಯ ಹತ್ತಿರ ಇದ್ದಾಗ ಅಮ್ಮ ತನ್ನ ಹೊಲಿಗೆ ಅಂಗಡಿ ತೆರೆಯುತ್ತಿದ್ದಳು, ಪಾದಕ್ಕೆ ಬಂದಾಗ ಮುಚ್ಚುತ್ತಿದ್ದಳು. ಅಂಗಡಿ ಹೋಗಿ ಆರು ವರ್ಷವಾಗಿತ್ತು. ಆದರೂ ನಲವತ್ತು ವರ್ಷ ಹೊಲಿದ ಕೈ ಹೊದಿಕೆಯ ಅಂಚನ್ನು ಮಡಿಸಿ ಮಡಿಸಿ, ಇಲ್ಲದ ಗುಂಡುಪಿನ್ನು ಚುಚ್ಚುತ್ತಿತ್ತು.

ಮಗಳು ಎಂಟನೇ ತರಗತಿಗೆ ವಿಜ್ಞಾನ ಹೇಳುವ ಟೀಚರ್. ಅಳಿಯ ಗಡಿಯಾರ ರಿಪೇರಿ ಮಾಡುವವನು. ಮನೆಯ ಹಿಂದಿನ ಕೋಣೆಯೇ ಅವನ ಅಂಗಡಿಯಾದ್ದರಿಂದ ಹಗಲು ಹೊತ್ತು ಅತ್ತೆಯನ್ನು ನೋಡಿಕೊಳ್ಳುವುದು ಅವನ ಪಾಲಿಗೆ ಬಂದಿತ್ತು.

ಮಲಗಿದವರು ದಿಂಬಿನಿಂದ ಕೆಳಕ್ಕೆ ಜಾರುತ್ತಲೇ ಇರುತ್ತಾರೆ. ದಿನಕ್ಕೆ ಎರಡು ಮೂರು ಸಲ ಗಂಡಹೆಂಡತಿ ಅಮ್ಮನ ಕಂಕುಳಿಗೆ ಕೈ ಹಾಕಿ, "ಒಂದು, ಎರಡು, ಹಾಂ" ಅಂತ ಮೇಲಕ್ಕೆ ಎಳೆಯುತ್ತಿದ್ದರು.

"ಬಟ್ಟೆ ಎಳೀಬೇಡ ಕಣೇ, ಸೂಜಿ ಬಾಗುತ್ತೆ," ಅಮ್ಮ ಕಣ್ಣು ಮುಚ್ಚಿಕೊಂಡೇ ಹೇಳುತ್ತಿದ್ದಳು.

"ಅತ್ತೆ ಅಂಗಡೀಲಿದ್ದಾರೆ," ಅಳಿಯ ನಗುತ್ತಿದ್ದ. "ಅತ್ತೇ, ನನ್ನ ಪ್ಯಾಂಟು ಯಾವಾಗ ಕೊಡ್ತೀರಾ?"

"ತಿಂಗಳಿಗೊಂದು ಅಳತೆ ಕೊಟ್ರೆ ನಾನೇನು ಮಾಡ್ಲಿ ಅಳಿಯಂದ್ರೇ? ಮೊದ್ಲು ಹೊಟ್ಟೆ ಒಂದು ಕಡೆ ನಿಲ್ಲಿಸಿ."

ಮಂಗಳವಾರ ಮತ್ತು ಶುಕ್ರವಾರ ಸಂಜೆ ನರ್ಸಕ್ಕ ಬರುತ್ತಿದ್ದರು. ಆ ಮಂಗಳವಾರ ಅವರು ಅಮ್ಮನ ಬಲಗಾಲಿನ ಹಿಮ್ಮಡಿಯನ್ನು ಎತ್ತಿ ಹಿಡಿದು, ಕೆಂಪಾಗಿದ್ದ ಜಾಗವನ್ನು ಹೆಬ್ಬೆರಳಿನಿಂದ ಒತ್ತಿ ಬಿಟ್ಟರು.

"ನೋಡಿ ಇಲ್ಲಿ. ಒತ್ತಿ ಬಿಟ್ರೆ ಬೆಳ್ಳಗಾಗಬೇಕು. ಆಗ್ತಿಲ್ಲ. ಒಳಗೆ ರಕ್ತ ಓಡಾಡ್ತಿಲ್ಲ ಅಂತ ಅರ್ಥ. ಸುತ್ತ ಈ ಗೆರೆ ಯಾಕೆ ಬಿದ್ದಿದೆ?"

"ಕಾಲುಚೀಲದ್ದು ಇರಬೇಕು," ಮಗಳು ಹೇಳಿದಳು.

"ಹಿಮ್ಮಡಿ ಹಾಸಿಗೆಗೆ ತಾಗಬಾರದು."

"ತಾಗಲ್ಲ. ನೋಡ್ಕೊಂಡಿದ್ದೀನಿ," ಅಂದಳು ಮಗಳು, ಸ್ವಲ್ಪ ಜಂಬದಿಂದಲೇ.

"ಶುಕ್ರವಾರದ ಹೊತ್ತಿಗೂ ಹೀಗೇ ಇದ್ರೆ ಆಸ್ಪತ್ರೆಗೆ ಸೇರಿಸಿ ಅಂತ ಬರೀಬೇಕಾಗುತ್ತೆ. ಚರ್ಮ ಒಡೆದ ಮೇಲೆ ಮನೇಲಿ ಆಗೋ ಕೆಲಸ ಅಲ್ಲ."

ಆಸ್ಪತ್ರೆ ಅನ್ನುವ ಮಾತು ಬಿದ್ದದ್ದೇ ಅಮ್ಮನ ಕೈ ಪಿನ್ನು ಚುಚ್ಚುವುದನ್ನು ನಿಲ್ಲಿಸಿತು. ಮುರಿದ ಸೊಂಟಕ್ಕೆ ಅಲ್ಲಿ ಹದಿನೆಂಟು ದಿನ ಇದ್ದಾಗ ಅವಳು ಒಂದು ಮಾತೂ ಆಡಿರಲಿಲ್ಲ, ಅಂಗಡಿಗೂ ಹೋಗಿರಲಿಲ್ಲ. ಆ ಕಿಟಕಿಗೆ ಬಿಸಿಲೇ ಬರುತ್ತಿರಲಿಲ್ಲ.

"ಅಲ್ಲಿಗೆ ಬೇಡಮ್ಮ," ಅಂದಳು. ಅದು ಪೂರ್ತಿ ಎಚ್ಚರದ ಮಾತಾಗಿತ್ತು.

ನರ್ಸಕ್ಕ ಹೋದ ಮೇಲೆ ಮಗಳು ಬೀರುವಿನಿಂದ ದಪ್ಪ ಟವೆಲ್ಲು ತೆಗೆದಳು. ಅದನ್ನು ಹಗ್ಗದ ಹಾಗೆ ಹೊಸೆದು, ಕೊಡ ಹೊರುವವರ ಹಾಗೆ ದುಂಡಗೆ ಸುತ್ತಿ ಸಿಂಬೆ ಮಾಡುತ್ತಿದ್ದಳು. ಹಿಮ್ಮಡಿಯನ್ನು ಅದರ ತೂತಿನ ಮೇಲೆ ಕೂರಿಸಿದರೆ ಕೆಳಗೆ ಹಾಸಿಗೆಯೇ ಇಲ್ಲ, ಬರೀ ಗಾಳಿ. ಇದು ಅವಳ ಸ್ವಂತ ಉಪಾಯ. ನರ್ಸಕ್ಕ ಬರುವ ಮೊದಲು ಟವೆಲ್ಲು ಗಿವೆಲ್ಲು ಎಲ್ಲ ಎತ್ತಿಟ್ಟು, ಹಾಸಿಗೆ ಚೊಕ್ಕ ಮಾಡಿಡುವುದು ಅವಳ ಅಭ್ಯಾಸ. ಹಾಗಾಗಿ ಅವರು ಸಿಂಬೆಯನ್ನು ಒಮ್ಮೆಯೂ ಕಂಡಿರಲಿಲ್ಲ. ಇವತ್ತು ಇನ್ನೂ ಬಿಗಿಯಾಗಿ ಸುತ್ತಿದಳು.

ಮರುದಿನ ಶಾಲೆಯಲ್ಲಿ ಒತ್ತಡದ ಪಾಠ. ಟೀಚರ್ ಮೇಜಿನ ಮೇಲೆ ಒಂದು ಸ್ಪಂಜು ಇಟ್ಟು, ಅದರ ಮೇಲೆ ಇಟ್ಟಿಗೆಯನ್ನು ಅಡ್ಡ ಮಲಗಿಸಿದಳು. ಆಮೇಲೆ ನೆಟ್ಟಗೆ ನಿಲ್ಲಿಸಿದಳು. ನಿಂತ ಇಟ್ಟಿಗೆ ಸ್ಪಂಜಿನೊಳಕ್ಕೆ ಇಳಿಯಿತು.

"ಇಟ್ಟಿಗೆ ಅದೇ, ಭಾರವೂ ಅದೇ. ಜಾಗ ಕಡಿಮೆ ಆಯ್ತು, ಒತ್ತಡ ಜಾಸ್ತಿ ಆಯ್ತು. ಬರ್ಕೊಳ್ಳಿ."

ನಲವತ್ತು ಪೆನ್ನುಗಳು ಮಳೆ ಶುರುವಾದ ಹಾಗೆ ಸದ್ದು ಮಾಡಿದವು. ಕೊನೇ ಬೆಂಚಿನಲ್ಲಿ ಒಂದು ಕೈ ಮೇಲೆ ಬಂತು. ಎಲ್ಲದಕ್ಕೂ ಯಾಕೆ ಅನ್ನುವ ಆ ಹುಡುಗಿಯನ್ನು ತರಗತಿಯವರೆಲ್ಲ ಯಾಕಮ್ಮ ಅಂತಲೇ ಕರೆಯುತ್ತಿದ್ದರು.

"ಟೀಚರ್, ಇಟ್ಟಿಗೆ ಕೆಳಗೆ ನಡುವೆ ತೂತು ಇದ್ರೆ?"

"ಶುರುವಾಯ್ತು," ಅಂದಿತು ಮುಂದಿನ ಬೆಂಚು.

"ತೂತಿದ್ದ ಕಡೆ ಏನೂ ತಾಗಲ್ಲ. ತಾಗದ ಕಡೆ ಒತ್ತಡ ಇಲ್ಲ."

"ಮತ್ತೆ ಅಲ್ಲಿಯ ಭಾರ ಎಲ್ಲಿಗೆ ಹೋಗುತ್ತೆ ಟೀಚರ್?"

ಟೀಚರ್ ಮೇಜಿನ ಮೇಲಿದ್ದ ಅಂಟು ಟೇಪಿನ ಸುರುಳಿಯನ್ನು ಸ್ಪಂಜಿನ ಮೇಲಿಟ್ಟು, ಅದರ ಮೇಲೆ ಇಟ್ಟಿಗೆ ಇಟ್ಟಳು. ಮಕ್ಕಳು ಬೆಂಚು ಬಿಟ್ಟು ಬಂದು ಸುತ್ತ ನಿಂತರು. ಸುರುಳಿಯ ಅಂಚು ಸ್ಪಂಜನ್ನು ಕಚ್ಚಿಕೊಂಡು ಇಳಿಯಿತು. ಯಾಕಮ್ಮ ಇಟ್ಟಿಗೆ ಎತ್ತಿ ಒಳಗೆ ಇಣುಕಿದಳು.

"ಭಾರ ಎಲ್ಲೂ ಹೋಗಿಲ್ಲ, ಪಕ್ಕಕ್ಕೆ ಬಂದು ಕೂತಿದೆ. ನಡುವೆ ಪಾಪ, ಸ್ಪಂಜು ಉಸಿರು ಕಟ್ಟಿದ ಹಾಗೆ ಉಬ್ಬಿದೆ ಟೀಚರ್."

ಸುರುಳಿ ತೆಗೆದಾಗ ಸ್ಪಂಜಿನ ಮೇಲೆ ದುಂಡನೆಯ ಗೆರೆಯೊಂದು ಉಳಿದಿತ್ತು. ಟೀಚರ್ ಅದನ್ನು ನೋಡುತ್ತಾ ನಿಂತಳು. ಮಕ್ಕಳ ಮಾತು ನೀರಿನ ಒಳಗಿಂದ ಬಂದ ಹಾಗೆ ದೂರವಾಯಿತು. ಅಮ್ಮನ ಹಿಮ್ಮಡಿಯ ಸುತ್ತ ಇದ್ದದ್ದು ಕಾಲುಚೀಲದ ಗೆರೆ ಅಲ್ಲ, ನಡುವಿಗೆ ರಕ್ತ ಹೋಗದ ಹಾಗೆ ಸಿಂಬೆ ಒತ್ತಿದ್ದು. ಹನ್ನೆರಡು ವರ್ಷ ಇದೇ ಪಾಠ ಹೇಳಿದ ಕೈಯೇ ಆ ಗೆರೆ ಎಳೆದಿತ್ತು, ದಿನವೂ, ಬಿಗಿಯಾಗಿ.

ಊಟದ ಗಂಟೆ ಹೊಡೆದದ್ದೇ ಅವಳು ಮನೆಗೆ ಓಡಿದಳು. ಕಣ್ಣಿಗೆ ಮಸೂರ ಸಿಕ್ಕಿಸಿಕೊಂಡೇ ಗಂಡ ಬಾಗಿಲು ತೆಗೆದ.

"ಏನೇ ಇದು, ಶಾಲೆಗೆ ಬೆಂಕಿ ಬಿತ್ತಾ?"

ಅವಳು ನೇರ ಅಮ್ಮನ ಹಾಸಿಗೆಯ ಹತ್ತಿರ ಹೋದಳು. ಸಿಂಬೆಯನ್ನು ಎಳೆದು ಬಿಚ್ಚಿ ಬಿಸಾಡಿದಳು. ಮೆತ್ತನೆಯ ಉದ್ದ ದಿಂಬನ್ನು ಮೊಣಕಾಲಿನ ಕೆಳಗಿನಿಂದ ಕಣಕಾಲಿನವರೆಗೆ ಮೀನಖಂಡದ ಅಡಿಗೆ ಇಟ್ಟಳು. ಕಾಲಿನ ಭಾರ ದಿಂಬಿನ ಉದ್ದಕ್ಕೂ ಹಂಚಿಹೋಯಿತು. ಹಿಮ್ಮಡಿ ದಿಂಬಿನ ಅಂಚಿನಾಚೆ, ಯಾವುದಕ್ಕೂ ತಾಗದೆ ನಿಂತಿತು.

ಅಮ್ಮ ಕಣ್ಣು ತೆರೆದಳು. "ನನ್ನ ಕಾಲೆಲ್ಲಿ ಹೋಯ್ತೇ?"

"ಇದೆ ಅಮ್ಮ. ಗಾಳೀಲಿದೆ."

"ಹೊಳೇಲಿ ಬಿಟ್ಟ ಹಾಗಿದೆ," ಅಂದಳು ಅಮ್ಮ. ಮುಖದಲ್ಲಿ ಏನೋ ಸಡಿಲವಾಯಿತು.

ಅಷ್ಟರಲ್ಲಿ ಗಂಡ ಅಮ್ಮ ಜಾರಿದ್ದನ್ನು ಕಂಡು ಕಂಕುಳಿಗೆ ಕೈ ಹಾಕಿದ. "ಬಾ, ಹಿಡ್ಕೋ. ಒಂದು, ಎರಡು..."

"ಬಟ್ಟೆ ಎಳೀಬೇಡ ಕಣೇ, ಸೂಜಿ ಬಾಗುತ್ತೆ."

ಮಗಳ ಕೈ ತಡೆದು ನಿಂತಿತು. ಎಂಟು ವರ್ಷದವಳಿದ್ದಾಗ ಮಿಷನ್ನಿನ ಮುಂದೆ ಕೂತು ಅವಸರಕ್ಕೆ ಬಟ್ಟೆ ಎಳೆಯುತ್ತಿದ್ದಳು. ಅಮ್ಮ ಹಿಂದಿನಿಂದ ಬಂದು ಅವಳ ಕೈ ಮೇಲೆ ಕೈ ಇಡುತ್ತಿದ್ದಳು: ಎಳೀಬೇಡ, ಅದರ ಜೊತೆ ಹೋಗು. ಎರಡು ತಿಂಗಳಿಂದ ದಿನವೂ ಹೇಳಿದ್ದು ಅದನ್ನೇ. ಎಳೆದಾಗಲೆಲ್ಲ ಆ ಹಿಮ್ಮಡಿ ದುಪ್ಪಟಿಯ ಮೇಲೆ ಉಜ್ಜಿಕೊಂಡೇ ಮೇಲೆ ಬಂದಿತ್ತು. ನಾಳೆಯ ಪಾಠ ಘರ್ಷಣೆ.

"ಬಿಡಿ, ಬಿಡಿ! ಎಳೆಯೋದು ಬೇಡ."

ಒಂದು ದುಪ್ಪಟಿಯನ್ನು ಮಡಿಸಿ, ಅಮ್ಮನನ್ನು ಮೆಲ್ಲಗೆ ಆ ಕಡೆ ಈ ಕಡೆ ಹೊರಳಿಸಿ, ಬೆನ್ನಿನಿಂದ ತೊಡೆಯವರೆಗೆ ಅಡಿಗೆ ಸೇರಿಸಿದರು. ಇಬ್ಬರೂ ಅಂಚನ್ನು ಮುಷ್ಟಿಯಲ್ಲಿ ಸುತ್ತಿ ಹಿಡಿದು ಎತ್ತಿದರು. ಅಮ್ಮ ದುಪ್ಪಟಿಯ ಸಮೇತ ಮೇಲೆ ಬಂದು, ಸದ್ದಿಲ್ಲದೆ ದಿಂಬಿಗೆ ಸೇರಿದಳು. ಕಾಲು ಅವಳ ಹಿಂದೆ ತೇಲಿಕೊಂಡು ಬಂತು.

"ಅತ್ತೆಗೆ ತೂಕಾನೇ ಇಲ್ವಲ್ಲೇ!"

"ತೂಕ ಇದೆ. ಉಜ್ಜೋದು ತಪ್ಪಿತು, ಅಷ್ಟೇ."

ಆ ದಿನದಿಂದ ಎರಡೆರಡು ಗಂಟೆಗೊಮ್ಮೆ ಅತ್ತೆಯ ಮಗ್ಗುಲು ಬದಲಿಸಲು ಅಳಿಯ ರಿಪೇರಿಗೆ ಬಂದ ಅಲಾರಾಂ ಗಡಿಯಾರಗಳನ್ನೆಲ್ಲ ಸಾಲಾಗಿ ಇಟ್ಟ. ಒಂದೊಂದು ಒಂದೊಂದು ಹೊತ್ತಿಗೆ ಬಡಿದುಕೊಂಡು, ಮನೆ ಹಕ್ಕಿಗಳ ಗೂಡಾಯಿತು.

ಗುರುವಾರ ಯಾಕಮ್ಮ ತರಗತಿಯ ಬಾಗಿಲಲ್ಲೇ ಹಿಡಿದಳು. "ನಿನ್ನೆ ಯಾಕೆ ಓಡಿದ್ರಿ ಟೀಚರ್?"

"ಆ ಭಾರ ನಮ್ಮ ಮನೇಲಿ ಕೂತಿತ್ತು ಕಣೇ. ಹಂಚಿ ಬಂದೆ."

ಶುಕ್ರವಾರ ನರ್ಸಕ್ಕ ಬಂದಾಗ ಹಾಸಿಗೆ ಇದ್ದ ಹಾಗೇ ಇತ್ತು. ಮಗಳು ಏನನ್ನೂ ಎತ್ತಿಡಲಿಲ್ಲ. ಸಿಂಬೆಯ ಕತೆಯನ್ನೂ ಹೇಳಿಬಿಟ್ಟಳು. ನರ್ಸಕ್ಕ ಬೈಯಲಿಲ್ಲ. ಹಿಮ್ಮಡಿ ಹಿಡಿದು ಹೆಬ್ಬೆರಳು ಒತ್ತಿದರು. ಅಮ್ಮನ ಕೈ ಹೊದಿಕೆಯ ಅಂಚನ್ನು ಬಿಗಿಯಾಗಿ ಹಿಡಿದಿತ್ತು.

ಬೆರಳು ಎತ್ತಿದಾಗ ಉಗುರಿನಷ್ಟು ಅಗಲ ಬೆಳ್ಳಗೆ ಉಳಿಯಿತು. ಆಮೇಲೆ ಅಂಚಿನಿಂದ ಒಳಕ್ಕೆ, ನಿಧಾನವಾಗಿ, ಬಣ್ಣ ಮರಳಿ ಬಂತು.

"ಇಲ್ಲೇ ಇರ್ಲಿ ಬಿಡಿ," ಅಂದರು ನರ್ಸಕ್ಕ, ಚೀಲ ಎತ್ತಿಕೊಳ್ಳುತ್ತಾ.

ಬಿಸಿಲು ಪಾದಕ್ಕೆ ಬಂದಿತ್ತು. ಅಂಗಡಿ ಮುಚ್ಚುವ ಹೊತ್ತು. ಆದರೆ ಅಮ್ಮ ಮುಚ್ಚಲಿಲ್ಲ. ಗಾಳಿಯಲ್ಲಿ ನಿಂತ ಆ ಬಲಗಾಲಿನ ಪಾದ, ಎರಡು ತಿಂಗಳ ಮೇಲೆ, ಒಂದು ಚೂರು ಮುಂದಕ್ಕೆ ಬಾಗಿ, ಒಂದು ಚೂರು ಹಿಂದಕ್ಕೆ ಬಂತು. ಮತ್ತೆ ಮುಂದಕ್ಕೆ. ಅವಳು ಮಿಷನ್ನು ತುಳಿಯುತ್ತಿದ್ದಳು.

"ಯಾರದ್ದಮ್ಮ ಬಟ್ಟೆ?" ಅಂತ ಕೇಳಿದಳು ಮಗಳು.

"ಅಳಿಯಂದ್ರ ಪ್ಯಾಂಟು. ದೀಪ ಹಾಕು."