ಕರಡಿಗೆಯ ಸಂದಿಯ ವಿಭೂತಿ

“ಇಷ್ಟು ಸಣ್ಣ ಸಂದಿಗೆ ಯಾರ ಕೈ ಹೋದೀತು?”

ಸರೋಜವ್ವ ಇದನ್ನು ಯಾರನ್ನೂ ಕೇಳಿದ್ದಲ್ಲ. ಪಡಸಾಲೆಯಲ್ಲಿ ಒಬ್ಬಳೇ ಕುಂತಿದ್ದಳು, ಅಂಗೈಯಲ್ಲಿ ಅತ್ತೆ ಇಷ್ಟಲಿಂಗ ಇಟ್ಟು ಕೊರಳಿಗೆ ಕಟ್ಟಿಕೊಳ್ಳುತ್ತಿದ್ದ ಬೆಳ್ಳಿ ಕರಡಿಗೆ. ಅತ್ತೆಯ ಲಿಂಗ ಅತ್ತೆಯ ಜೊತೆಗೇ ಮಣ್ಣಿಗೆ ಹೋಗಿತ್ತು. ಉಳಿದದ್ದು ಖಾಲಿ ಕರಡಿಗೆ. ಸೋಮವಾರ ಮೊಮ್ಮಗಳು ನೇತ್ರಾಳಿಗೆ ಲಿಂಗದೀಕ್ಷೆ. ಅವತ್ತು ಅದು ಅವಳ ಕೊರಳಿಗೆ ಬೀಳಬೇಕು. ಆದರೆ ಮುಚ್ಚಳದ ಮೇಲಿನ ಬಳ್ಳಿಯ ಕುಸುರಿ ಕಾಣದಂತೆ ಕೊಳೆ ಗಟ್ಟಿಯಾಗಿ ಕುಂತಿತ್ತು. ಸೂಜಿಯಿಂದ ಕೆದರಿದರೆ ಗೀರು ಬೀಳುತ್ತದೆ, ಬ್ರಷ್ಷಿನಿಂದ ತಿಕ್ಕಿದರೆ ಎಸಳು ಬಾಗುತ್ತದೆ.

ಹಿಂದಿನ ದಿನ ಓಣಿಗೆ ಬಂದಿದ್ದ ಪಾಲಿಷಿನವನು, ಹತ್ತೇ ನಿಮಿಷದಲ್ಲಿ ಕನ್ನಡಿ ಮಾಡಿ ಕೊಡುತ್ತೇನೆ ಎಂದಿದ್ದ. ನಾಳೆ ಬಾ ಎಂದು ಕಳಿಸಿದ್ದಳು.

ಅದೇ ಹೊತ್ತಿಗೆ ಅಂಗಡಿಗೆ ಹೊರಟಿದ್ದ ತಹಮೀನಾ ಬಾಗಿಲಲ್ಲಿ ನಿಂತಳು. ಅಕ್ಕಿಆಲೂರಿನ ಬಸ್‌ಸ್ಟ್ಯಾಂಡಿನ ಹತ್ತಿರ ಅವಳದೊಂದು ಚಸ್ಮಾ ಅಂಗಡಿ. ಮಹಿಳಾ ಸಂಘದಲ್ಲಿ ಇಬ್ಬರೂ ಜೊತೆಗಾರರು. ಸರೋಜವ್ವ ಹೇಳಿದ ಪಾಲಿಷಿನವನ ಮಾತು ಕೇಳಿ ಅವಳ ಮುಖ ಬದಲಾಯಿತು.

“ಅಂವ ಅದ್ದೂದು ಆಸಿಡ್‌ನ್ಯಾಗ ಅಕ್ಕಾರ. ಅದರಾಗ ಬೆಳ್ಳಿನೂ ಕರಗತೈತಿ. ಹೊಳಪು ನಿಮಗ, ಬೆಳ್ಳಿ ಅಂವಗ.”

ಚಸ್ಮಾ ತೊಳೆಯುವ ಮಷೀನು ಅಂಗಡಿಯಲ್ಲಿದೆ, ನಿಮ್ಮ ಕಣ್ಣೆದುರೇ ತೊಳೆದು ಕೊಡುತ್ತೇನೆ ಎಂದಳು. ಸರೋಜವ್ವನ ಗಂಡ ಪರಮೇಶ್ವರಪ್ಪನೂ ಟವೆಲ್ಲು ಕೊಡವಿ ಹೆಗಲಿಗೆ ಹಾಕಿಕೊಂಡು ಹಿಂದೆ ಬಂದ.

ಮಷೀನು ಅಂದರೆ ಊಟದ ಡಬ್ಬಿಯಷ್ಟು ದೊಡ್ಡ ಸ್ಟೀಲಿನ ತೊಟ್ಟಿ. ಅದರೊಳಗೆ ನೀರು, ಎರಡು ಹನಿ ಸಾಬೂನು. ಬ್ರಷ್ಷಿಲ್ಲ, ಏನಿಲ್ಲ.

“ತಿಕ್ಕಲಾರದ ಹೊಲಸು ಹೋಗತೈತಿ ಅಂದ್ರ, ನೀರಿಗೇನ್ ಹಲ್ಲು ಬಂದಾವೇನವಾ?” ಎಂದ ಪರಮೇಶ್ವರಪ್ಪ.

“ಹಂಗ ತಿಳೀರಿ ಅಣ್ಣಾರ. ಕಣ್ಣಿಗೆ ಕಾಣಲಾರದ ಹಲ್ಲು.”

ಅವಳು ಬಿಡಿಸಿ ಹೇಳಿದಳು. ಮನುಷ್ಯರ ಕಿವಿಗೆ ನಿಲುಕದ ಸಪ್ಪಳವನ್ನು ಮಷೀನು ನೀರಿಗೆ ಬಿಡುತ್ತದೆ. ಒಂದು ಕ್ಷಣದಲ್ಲಿ ಸಾವಿರಾರು ಸಲ ನೀರನ್ನು ಜಗ್ಗುತ್ತದೆ, ಒತ್ತುತ್ತದೆ. ಜಗ್ಗಿದಾಗ ಸಣ್ಣ ಗುಳ್ಳೆ ಹುಟ್ಟುತ್ತದೆ, ಒತ್ತಿದಾಗ ಅಲ್ಲೇ ಕುಸಿಯುತ್ತದೆ. ಕುಸಿಯುವಾಗ ನೀರು ಸೂಜಿಮೊನೆಯಂತೆ ಚುಚ್ಚಿ ಸಂದಿಯ ಕೊಳೆಯನ್ನು ಎಬ್ಬಿಸುತ್ತದೆ.

ನಂಬಿಕೆ ಬರಲೆಂದು ರೊಟ್ಟಿ ಸುತ್ತುವ ಅಲ್ಯೂಮಿನಿಯಂ ಹಾಳೆಯ ತುಂಡೊಂದನ್ನು ನೀರಿಗೆ ಇಳಿಬಿಟ್ಟು ಮಷೀನು ಚಾಲೂ ಮಾಡಿದಳು. ಸ್ವಲ್ಪ ಹೊತ್ತಿನ ಮೇಲೆ ತೆಗೆದು ಬೆಳಕಿಗೆ ಹಿಡಿದರೆ, ಜರಡಿಯಂತೆ ಸಣ್ಣ ಸಣ್ಣ ತೂತು. ಪರಮೇಶ್ವರಪ್ಪ ಹಾಳೆಯನ್ನು ತಿರುವಿ ತಿರುವಿ ನೋಡಿದ. ಸರೋಜವ್ವ ಮಾತ್ರ ಕರಡಿಗೆಯನ್ನು ಸೆರಗಿನೊಳಗೆ ಎಳೆದುಕೊಂಡಳು.

“ಇದಕ್ಕೂ ತೂತು ಬಿದ್ರ?”

ಹಾಳೆ ತೆಳು, ಬೆಳ್ಳಿ ದಪ್ಪ. ಮೂರು ನಿಮಿಷಕ್ಕೆ ಏನೂ ಆಗುವುದಿಲ್ಲ ಎಂದಳು ತಹಮೀನಾ. ಆದರೂ ಭೂತಗನ್ನಡಿ ಹಿಡಿದು ಬಿರುಕು ಇದೆಯೇ, ಒಳಗೆ ಅರಗು ತುಂಬಿದೆಯೇ ಎಂದು ನೋಡಿದ ಮೇಲೆಯೇ ಕೈಗೆ ತೆಗೆದುಕೊಂಡಳು. ಮುತ್ತು, ಹವಳ, ಅಂಟಿಸಿದ ಹರಳು ಇದ್ದ ಒಡವೆ ಇದರಲ್ಲಿ ಹಾಕಬಾರದು. ನಡೆಯುತ್ತಿರುವ ಮಷೀನಿನಲ್ಲಿ ಬೆರಳೂ ಅದ್ದಬಾರದು ಎಂದಳು.

ಕರಡಿಗೆಯನ್ನು ನೀರಿಗಿಳಿಸಿ ಗುಂಡಿ ಒತ್ತಿದಳು. ಮಷೀನಿನ ಮೈಯಿಂದ ಜುಯ್ ಎಂಬ ಸಣ್ಣ ದನಿ ಎದ್ದಿತು. ಮೂವರೂ ಬಗ್ಗಿ ನೋಡಿದರು. ಬಳ್ಳಿಯ ಒಂದೊಂದು ಎಸಳಿನಿಂದಲೂ ಲೋಬಾನದ ಹೊಗೆಯಂತೆ ಬೂದುಬಣ್ಣದ ಎಳೆ ಹೊರಬಂತು. ಸರೋಜವ್ವನಿಗೆ ಗುರುತು ಹತ್ತಿತು. ಪ್ರತಿ ಶ್ರಾವಣದಲ್ಲಿ ಬೆಳ್ಳಿ ಬೆಳಗಲೆಂದು ಅವಳು ತಿಕ್ಕಿದ್ದು ವಿಭೂತಿ. ಅವಳ ಅತ್ತೆ ತಿಕ್ಕಿದ್ದೂ ಅದೇ. ಬೆವರು, ಎಣ್ಣೆ ಕೂಡಿ ಅದೇ ಗಟ್ಟಿಯಾಗಿತ್ತು.

“ಇಷ್ಟು ದಿನ ಬೆಳಗೇನಿ ಅಂದ್ಕೊಂಡಿದ್ದೆ,” ಎಂದಳು ಮೆಲ್ಲಗೆ. “ಸಂದಿ ತುಂಬಾಕತ್ತಿದ್ದೆ.”

ಹೊರತೆಗೆದಾಗ ಬಳ್ಳಿಯ ಎಲೆಯ ನರವೂ ಎಣಿಸುವಂತಿತ್ತು. ಕುಸುರಿಯ ತಳದಲ್ಲಿ ಒಂದಿಷ್ಟು ಕಪ್ಪು ಉಳಿದಿತ್ತು. ಅದು ಕೊಳೆಯಲ್ಲ, ಗಾಳಿಗೆ ಬೆಳ್ಳಿಯೇ ಕಟ್ಟಿಕೊಂಡ ಕಪ್ಪು. ಈ ಮಷೀನಿಗೆ ಅದು ಹೋಗುವುದಿಲ್ಲ ಎಂದು ತಹಮೀನಾ ಮುಚ್ಚುಮರೆಯಿಲ್ಲದೆ ಹೇಳಿದಳು. ಇರಲಿ, ಅದರಿಂದಲೇ ಬಳ್ಳಿ ಎದ್ದು ಕಾಣುತ್ತದೆ ಎಂದಳು ಸರೋಜವ್ವ. ವಿಭೂತಿ ಬೆರೆತ ತೊಟ್ಟಿಯ ನೀರನ್ನು ಗಟಾರಕ್ಕೆ ಚೆಲ್ಲಲು ಮಾತ್ರ ಬಿಡಲಿಲ್ಲ. ತಂಬಿಗೆಯಲ್ಲಿ ತುಂಬಿಕೊಂಡು ಮನೆಗೆ ಬಂದು ಹಿತ್ತಲಿನ ಬಿಲ್ವಪತ್ರಿ ಗಿಡದ ಬುಡಕ್ಕೆ ಹಾಕಿದಳು.

ಬಾಗಿಲಲ್ಲಿ ಪಾಲಿಷಿನವನು ಕಾಯುತ್ತಿದ್ದ. ಕರಡಿಗೆ ನೋಡಿ ಕೈ ಚಾಚಿದ. “ಒಂದ್ ಸಲ ಕೊಡ್ರಿ ಯವ್ವಾ. ಆ ಕಪ್ಪೂ ತೆಗೀತೇನಿ. ರೊಕ್ಕನೂ ಬ್ಯಾಡ.”

ಅವ್ವಂದಿರೆ, ಅಕ್ಕಂದಿರೆ, ನಾಳೆ ನಿಮ್ಮ ಬಾಗಿಲಿಗೂ ಇಂಥ ಕೈ ಚಾಚೀತು. ನಾಜೂಕಿನ ಒಡವೆಯನ್ನು ಗುರುತಿದ್ದವರ ಅಂಗಡಿಗೆ ಒಯ್ಯಿರಿ. ಹೇಗೆ ತೊಳೆಯುತ್ತೀರಿ ಎಂದು ಕೇಳಿರಿ, ನಿಂತು ನೋಡಿರಿ. ಬಾಗಿಲಿಗೆ ಬಂದವನಿಗೆ ಮಾತ್ರ ಸರೋಜವ್ವ ಹೇಳಿದ್ದನ್ನೇ ಹೇಳಿರಿ.

ಅವಳು ಕರಡಿಗೆಯನ್ನು ಮುಷ್ಟಿಯೊಳಗೆ ಹಿಡಿದುಕೊಂಡು ಹೇಳಿದಳು:

“ಕೊಡಂಗಿಲ್ಲಪ್ಪಾ.”