ಹಿತ್ತಲ ಬಾಗಿಲಲ್ಲಿ ದೇವೀರಿ

ನಮ್ಮಮ್ಮನನ್ನು ನೆನೆದರೆ ನನ್ನ ಕಣ್ಣಿಗೆ ಮೊದಲು ಬರುವುದು ಹಿತ್ತಲ ಬಾಗಿಲು. ಒಂದು ಕಾಲು ಹೊಸ್ತಿಲ ಒಳಗೆ, ಇನ್ನೊಂದು ಹೊರಗೆ. ಎಡಗೈ ಬಾಗಿಲವಾಡದ ಮೇಲೆ. ತಲೆ ಸ್ವಲ್ಪ ಓರೆ. ದೂರದಿಂದ ಯಾರೋ ಕರೆದರು, ಕರೆದದ್ದು ನಿಜವೋ ಸುಳ್ಳೋ ಎಂದು ಕಿವಿಗೊಟ್ಟು ನಿಲ್ಲುತ್ತಾರಲ್ಲ, ಹಾಗೆ. ಕೊನೆಗಾಲದಲ್ಲಿ ಅಮ್ಮ ಆ ಹೊಸ್ತಿಲ ಮೇಲೆ ಬಹಳ ಸಲ ನಿಂತಳು. ಅವಳನ್ನು ಅಲ್ಲಿಗೆ ಎಳೆದು ತಂದದ್ದು ನಾವು ಒಂದು ಕೂಸಿಗೆ ಇಟ್ಟ ಹೆಸರು.

ಅಮ್ಮನಿಗೂ ಒಂದು ಹೆಸರಿದೆ ಎಂಬುದು ನನಗೆ ಗೊತ್ತಾದದ್ದೇ ಪಾತ್ರೆಯಿಂದ. ಮದುವೆಯಲ್ಲಿ ಅವಳ ತವರಿನವರು ಕೊಟ್ಟ ಹಿತ್ತಾಳೆ ತಂಬಿಗೆಯೊಂದಿತ್ತು. ಅದರ ಕಂಠದ ಕೆಳಗೆ ಚುಕ್ಕೆ ಚುಕ್ಕೆಯಾಗಿ ‘ದೇವೀರಮ್ಮ’ ಎಂದು ಕೊರೆದಿತ್ತು. ನಾನು ಅಕ್ಷರ ಕೂಡಿಸಿ ಓದುವುದನ್ನು ಕಲಿತದ್ದು ಆ ಚುಕ್ಕೆಗಳ ಮೇಲೆ ಬೆರಳಾಡಿಸಿ. ಆದರೆ ಆ ಹೆಸರನ್ನು ಬಾಯಿಬಿಟ್ಟು ಹೇಳಿದವರನ್ನು ನಾನು ಕಂಡಿರಲಿಲ್ಲ. ಅಪ್ಪ ನಡುಮನೆಯಲ್ಲಿ ಕೂತು ‘ಕೇಳಿಸ್ತಾ?’ ಎನ್ನುತ್ತಿದ್ದರು, ಅಮ್ಮ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬರುತ್ತಿದ್ದಳು. ಓಣಿಯವರಿಗೆ ಅವಳು ‘ಸಿದ್ಧರಾಜೂನ ತಾಯಿ’. ಸಿದ್ಧರಾಜು ನನ್ನ ತಮ್ಮ. ಅವನ ಹೆಂಡತಿ ಜಯಶೀಲ ಬಂದ ಮೇಲೆ ‘ಅತ್ತೆಮ್ಮ’ ಎಂಬುದೊಂದು ಸೇರಿತು. ತನ್ನ ಹೆಸರಿದ್ದ ತಂಬಿಗೆಯನ್ನು ಅಮ್ಮ ದಿನವೂ ಹುಣಿಸೆಹಣ್ಣು ಹಾಕಿ ಬೆಳಗಿ ಬೋರಲು ಹಾಕುತ್ತಿದ್ದಳು, ಅಷ್ಟೇ.

ಅಪ್ಪ ತೀರಿಕೊಂಡ ಮೇಲೆ ಅವಳಿಗೆ ಮರೆವು ಶುರುವಾಯಿತು. ಮೊದಲು ಒಲೆಯ ಮೇಲಿಟ್ಟ ಎಣ್ಣೆಯನ್ನು ಮರೆತಳು, ಆಮೇಲೆ ವಾರಗಳನ್ನು, ಆಮೇಲೆ ನಮ್ಮನ್ನು. ನಾನು ಎರಡು ಬೀದಿಯಾಚೆ ರವಿಕೆ ಹೊಲಿಯುವ ಕೆಲಸ ಮಾಡಿಕೊಂಡಿದ್ದವಳು, ಸಂಜೆ ಮೆಷಿನ್ನು ಮುಚ್ಚಿ ತಪ್ಪದೆ ಹೋಗುತ್ತಿದ್ದೆ. ಮೊದಮೊದಲು ‘ಯಾರಮ್ಮ ನೀನು, ಕೂತ್ಕೋ’ ಎಂದು ಉಪಚಾರ ಮಾಡುತ್ತಿದ್ದಳು. ಬರಬರುತ್ತ ಆ ಮಾತೂ ನಿಂತುಹೋಯಿತು. ‘ಅಮ್ಮಾ’ ಎಂದು ಕೂಗಿದರೆ ತಿರುಗುತ್ತಿರಲಿಲ್ಲ. ಪಕ್ಕದ ಮನೆಯ ಯಾರನ್ನೋ ಕರೆಯುತ್ತಿದ್ದಾರೆ ಎನ್ನುವ ಹಾಗೆ ಗೋಡೆ ನೋಡಿಕೊಂಡು, ಅರಳೆಯಿಂದ ಬತ್ತಿ ಹೊಸೆಯುತ್ತ ಕೂತಿರುತ್ತಿದ್ದಳು.

ಅಂಥ ದಿನಗಳಲ್ಲಿ ಜಯಶೀಲಳಿಗೆ ಹೆಣ್ಣುಮಗು ಹುಟ್ಟಿತು. ಎಷ್ಟೋ ವರ್ಷ ಕಾದ ಮೇಲೆ ಬಂದ ಕೂಸು. ಹೆಸರಿನ ವಿಚಾರ ಬಂದಾಗ ನಾವೆಲ್ಲ ನಡುಮನೆಯಲ್ಲಿ ಸೇರಿದ್ದೆವು. ಎದುರು ಮನೆಯ ಪುಟ್ಟನಂಜಮ್ಮನವರೂ ಇದ್ದರು. ಅವರಿಲ್ಲದೆ ನಮ್ಮ ಓಣಿಯಲ್ಲಿ ಬೆಕ್ಕಿನ ಮರಿಗೂ ಹೆಸರಿಡುತ್ತಿರಲಿಲ್ಲ.

ಸಿದ್ಧರಾಜು ಒಂದಷ್ಟು ಹೊಸ ಹೆಸರು ಕೇಳಿಕೊಂಡು ಬಂದಿದ್ದ. "ಮೃದುಲ ಅಂತ ಇಡೋಣ. ಇಲ್ದಿದ್ರೆ ನಿಶಾ."

"ನಿಶೇನಾ? ಏರೋದಾ, ಇಳಿಯೋದಾ?" ಎಂದರು ಪುಟ್ಟನಂಜಮ್ಮ.

ಜಯಶೀಲ ಮಗುವನ್ನು ನನ್ನ ತೊಡೆಗೆ ಹಾಕಿ ಎದ್ದುಹೋಗಿ, ಅಡುಗೆಮನೆಯ ಗೂಡಿನಿಂದ ಆ ಹಿತ್ತಾಳೆ ತಂಬಿಗೆ ತಂದು ನಮ್ಮ ನಡುವೆ ಇಟ್ಟಳು. ಚುಕ್ಕೆಗಳಿದ್ದ ಕಡೆಯನ್ನು ಗಂಡನತ್ತ ತಿರುಗಿಸಿದಳು.

"ಇದು," ಎಂದಳು.

"ಏನೇ, ತಂಬಿಗೆ ಅಂತ ಹೆಸರಿಡೋದಾ?"

"ಓದ್ರಿ."

ಅವನು ಓದಿದ. ಆಮೇಲೆ ನಗಲು ನೋಡಿದ. "ಸ್ಕೂಲಲ್ಲಿ ಹಾಜರಿ ಕೂಗುವಾಗ ಮೇಷ್ಟ್ರೇ ಎದ್ದು ನಿಂತು ಕೈಮುಗೀತಾರೆ ಅಷ್ಟೆ!"

"ಹೂಂ ಮತ್ತೆ! ಹಲ್ಲು ಬರೋಕೆ ಮುಂಚೆ ಹಲ್ಲು ಬಿದ್ದೋರ ಹೆಸರು!" ಪುಟ್ಟನಂಜಮ್ಮ ಕೈಬಾಯಿ ತಿರುಗಿಸಿದರು. "ನನ್ನ ಹೆಸರೇ ನೋಡು. ಪುಟ್ಟ ಅಂತೆ, ಪುಟ್ಟ! ಸೊಂಟ ಬಗ್ಗಿದ್ರೂ ದೊಡ್ಡೋಳು ಆಗಲಿಲ್ಲ ನಾನು. ನಮ್ಮ ಹೆಸರೆಲ್ಲ ನಮ್ಮ ಜೊತೇಲೇ ಮಣ್ಣಾಗ್ಲಿ ಬಿಡು ತಾಯಿ." ಆಮೇಲೆ ಕಂಬದ ಹತ್ತಿರ ಕೂತಿದ್ದ ಅಮ್ಮನತ್ತ ನೋಡಿ ದನಿ ತಗ್ಗಿಸಿದರು. "ಅದೂ ಅಲ್ದೆ, ಬದುಕಿರೋರ ಹೆಸರು ಕೂಸಿಗೆ ಇಡಬಾರದು ಕಣಮ್ಮ. ಇಬ್ಬರಲ್ಲಿ ಒಬ್ಬರಿಗೆ ಆಗಿಬರಲ್ಲ."

ನನ್ನ ಚಿಂತೆ ಬೇರೆಯಿತ್ತು. ನಮ್ಮಲ್ಲಿ ಅತ್ತೆಯ ಹೆಸರನ್ನು ಸೊಸೆ ಆಡಬಾರದು. ಅದಕ್ಕೇ ಅಲ್ಲವೇ ಅವಳು ಬಾಯಲ್ಲಿ ಹೇಳದೆ ತಂಬಿಗೆ ತಂದಿಟ್ಟದ್ದು! "ಅಲ್ವೇ ಜಯಶೀಲ, ನಿನ್ನ ಮಗಳನ್ನ ನೀನು ಏನಂತ ಕರೀತೀಯೆ?"

"ನಾನು ಪಾಪು ಅಂದ್ಕೋತೀನಿ ಅಕ್ಕ. ನೀವೆಲ್ಲ ಕೂಗ್ತೀರಲ್ಲ." ಅವಳು ತಂಬಿಗೆಯ ಅಂಚನ್ನು ಸವರಿದಳು. "ನಾನು ಬಂದಾಗಿಂದ ಈ ಮನೇಲಿ ಯಾರೂ ಅವರನ್ನ ಹೆಸರಿಟ್ಟು ಕರೆದಿಲ್ಲ. ಅವರ ಹೆಸರು ಒಂದು ಸಲನಾದ್ರೂ ಅವರ ಕಿವಿಗೆ ಬೀಳ್ಲಿ. ಹೋದ್ಮೇಲೆ ಇಟ್ರೆ ಯಾರಿಗೆ ಕೇಳ್ಸುತ್ತೆ?"

ಅದೇ ಹೆಸರು ಎಂದು ತೀರ್ಮಾನವಾಯಿತು. ಅಮ್ಮ ಬತ್ತಿ ಹೊಸೆಯುತ್ತಲೇ ಇದ್ದಳು.

ನಾಮಕರಣದ ದಿನ ತೊಟ್ಟಿಲಿಗೆ ಮೊದಲು ಗುಂಡುಕಲ್ಲನ್ನು ರವಿಕೆ ಕಣದಲ್ಲಿ ಸುತ್ತಿ ಮಲಗಿಸಿದೆವು. ಆ ಕಲ್ಲಿನಷ್ಟು ಗಟ್ಟಿಯಾಗಿ ಬಾಳಲಿ ಎಂದು ಹಾರೈಸಿ, ಆಮೇಲೆ ಕೂಸನ್ನು ಮಲಗಿಸಬೇಕು. ಕಿವಿಯಲ್ಲಿ ಹೆಸರು ಹೇಳುವವಳು ಸೋದರತ್ತೆ, ಅಂದರೆ ನಾನು. ಹೇಳಿದ ತಕ್ಷಣ ಬೆನ್ನಿಗೆ ಗುದ್ದುವ ಹಕ್ಕು ಉಳಿದ ಹೆಂಗಸರದು. ಅವರೆಲ್ಲ ಬಳೆ ಹಿಂದಕ್ಕೆ ಸರಿಸಿಕೊಂಡು ಸಿದ್ಧವಾಗಿ ನಿಂತಿದ್ದರು.

ನಾನು ಬಗ್ಗಿದೆ. ಬಾಯಿ ಬರಲಿಲ್ಲ. ಹೆತ್ತವಳ ಹೆಸರನ್ನು ಅಲ್ಲಿಯವರೆಗೆ ನಾನು ಓದಿದ್ದೆ, ಬೆರಳಲ್ಲಿ ಮುಟ್ಟಿದ್ದೆ, ಆಡಿರಲಿಲ್ಲ.

"ಬೇಗ ಹೇಳೇ ತಾಯಿ, ಕೈ ನವೆ ಹಿಡೀತು!" ಎಂದು ಯಾರೋ ಅಂದರು. ಎಲ್ಲರೂ ನಕ್ಕರು. ಆ ನಗೆಯ ಮರೆಯಲ್ಲಿ ಮೂರು ಸಲ ಪಿಸುಗುಟ್ಟಿಬಿಟ್ಟೆ. ಬೆನ್ನಿನ ಮೇಲೆ ಗುದ್ದು ಬಿದ್ದವು.

"ನಮಗೂ ಕೇಳೋ ಹಾಗೆ ಕೂಗಮ್ಮ!"

ತೊಟ್ಟಿಲು ತೂಗುತ್ತ, ದನಿಯೆತ್ತಿ, ‘ಅಮ್ಮ’ ಬಿಟ್ಟು, ಮಕ್ಕಳನ್ನು ಕರೆಯುವ ಹಾಗೆ ಎಳೆದು ಕೂಗಿದೆ. "ದೇವೀರೀ… ಏ ದೇವೀರೀ…"

"ಓ… ಬಂದೇ…"

ದನಿ ಹಿಂದಿನ ಕೋಣೆಯಿಂದ ಬಂತು. ನಾವು ತಿಂಗಳುಗಟ್ಟಲೆ ಕೇಳಿರದಿದ್ದ ದನಿ. ಮುದುಕಿಯದಲ್ಲ, ಆಟ ಅರ್ಧಕ್ಕೆ ಬಿಟ್ಟು ಓಡಿಬರುವ ಹುಡುಗಿಯದು. ಅಮ್ಮ ಸೀರೆಯ ನಿರಿಗೆ ಎತ್ತಿ ಸೊಂಟಕ್ಕೆ ಸಿಕ್ಕಿಸಿಕೊಂಡು ದಡಬಡ ಬಂದಳು. ನಮ್ಮ ಕಡೆಗಲ್ಲ, ನೇರ ಹಿತ್ತಲ ಬಾಗಿಲಿಗೆ. ಒಂದು ಕಾಲು ಆಚೆಗಿಟ್ಟು, ಬಾಗಿಲವಾಡ ಹಿಡಿದು, ತಲೆ ಓರೆಮಾಡಿ ನಿಂತಳು. ಆಮೇಲೆ ತಿರುಗಿ ಕೇಳಿದಳು.

"ಅವ್ವ ಎಲ್ಲಿ? ಕರೆದ್ಲಲ್ಲ?"

ಒಬ್ಬೊಬ್ಬರ ಮುಖವನ್ನೂ ನೋಡುತ್ತ ಬಂದಳು. ನನ್ನ ಮುಖವನ್ನೂ ನೋಡಿ ಮುಂದಕ್ಕೆ ಹೋದಳು. ಹುಡುಕಿದ ಮುಖ ಅಲ್ಲಿರಲಿಲ್ಲ.

ಆಮೇಲೆ ಕೆಲವು ದಿನ ಸಿದ್ಧರಾಜುವಿಗೆ ಅದೊಂದು ಸಂಭ್ರಮ. ಬಂದವರ ಮುಂದೆಲ್ಲ ಮಗುವನ್ನೆತ್ತಿಕೊಂಡು "ದೇವೀರೀ" ಎನ್ನುವನು. "ಓ" ಎಂಬ ದನಿ ಬರುವುದು. "ನೋಡಿ, ನಮ್ಮಮ್ಮ ಮಾತಾಡ್ತಾಳೆ!" ಪಾಪ, ಅವನಿಗೂ ತಾಯಿಯ ದನಿ ಬೇಕಾಗಿತ್ತು. ಆದರೆ ಅಮ್ಮ ಪ್ರತಿ ಸಲವೂ ಹೊಸ್ತಿಲಿಗೆ ಹೋಗಿ ನಿಲ್ಲುತ್ತಿದ್ದಳು, ಪ್ರತಿ ಸಲವೂ ಬರಿಗೈಯಲ್ಲಿ ಮರಳುತ್ತಿದ್ದಳು. ಒಂದು ಸಂಜೆ ಅಲ್ಲಿಂದ ಕದಲಲೇ ಇಲ್ಲ. "ಕತ್ತಲಾಗ್ತಾ ಬಂತು, ಕರೆದೋಳು ಬರಲೇ ಇಲ್ಲ," ಎಂದು ಬಿಕ್ಕಿ ಬಿಕ್ಕಿ ಅತ್ತಳು.

ಜಯಶೀಲ ಅಂದೇ ಗಂಡನಿಗೆ ಹೇಳಿದಳು. "ಸಾಕು ಮಾಡ್ರಿ. ಇನ್ನು ಮಗೂನ ಎಲ್ಲರೂ ಪಾಪು ಅನ್ನಿ."

ಹಾಗೆ ಹೆಸರು ಮತ್ತೆ ತಂಬಿಗೆಗೆ ಮರಳಿತು. ಅದರ ಜೊತೆಗೆ ಅಮ್ಮನೂ ಮೌನಕ್ಕೆ ಮರಳಿದಳು. ಈ ಸಲ ಮೌನ ಇನ್ನೂ ಕೆಟ್ಟದಾಗಿತ್ತು. ಊಟಕ್ಕೂ ಬಾಯಿ ತೆರೆಯಳು. ಅನ್ನ ಕಲಸಿ ತುಟಿಗಿಟ್ಟರೆ ಮುಖ ತಿರುಗಿಸುವಳು. ಕೆನ್ನೆ ಒಳಸೇರಿತು, ಬಳೆ ಮೊಣಕೈವರೆಗೂ ಜಾರತೊಡಗಿತು. ಅವಳು ಹೀಗೇ ಕರಗಿ ಹೋಗುತ್ತಾಳೆ ಎಂದು ನಮಗೆಲ್ಲ ಅರ್ಥವಾಗಿತ್ತು.

ಒಂದು ಮಧ್ಯಾಹ್ನ ಹೊಲಿದ ಬಟ್ಟೆ ಕೊಟ್ಟು ಬರುವವಳು ಹಿಂಬದಿಯ ಸಂದಿಯಿಂದ ತಮ್ಮನ ಮನೆಗೆ ಹೋಗುತ್ತಿದ್ದೆ. ಹಿತ್ತಲಿನಿಂದ ಕೂಗು ಕೇಳಿಸಿತು.

"ದೇವೀರೀ… ಬಾ ಮಗಳೇ, ಅನ್ನ ಆರೋಗ್ತದೆ!"

ಜಯಶೀಲಳ ದನಿ! ನಾನು ನುಗ್ಗೆಮರದ ಹಿಂದೆಯೇ ನಿಂತುಬಿಟ್ಟೆ. ಅವಳು ಒಗೆಯುವ ಕಲ್ಲಿನ ಮೇಲೆ ತಲೆತುಂಬ ಸೆರಗು ಹೊದ್ದು ತಟ್ಟೆ ಹಿಡಿದು ಕೂತಿದ್ದಳು. ಮಗು ಅವಳ ಸೊಂಟಕ್ಕೆ ಅಂಟಿಕೊಂಡಿತ್ತು. "ಓ… ಬಂದೇ" ಎಂದು ಅಮ್ಮ ಬಂದಳು. ಒಂದು ಕಾಲು ಒಳಗೆ, ಒಂದು ಹೊರಗೆ. ತಲೆ ಓರೆಮಾಡಿ ಆ ಸೆರಗಿನೊಳಗಿನ ಮುಖವನ್ನು ನೋಡಿದಳು.

"ಎಲ್ಲಿ ಹೋಗಿದ್ದೆ ನೀನು? ಎಷ್ಟೊತ್ತಿಂದ ಕಾಯ್ತಿದೀನಿ!" ಅಮ್ಮ ಗದರಿದಳು.

"ಬಟ್ಟೆ ಒಗೆಯೋಕೆ ಹೋಗಿದ್ದೆ ಕಣೇ. ಬಾ, ಬಾಯಿ ತೆಗಿ."

ಅಮ್ಮ ಇನ್ನೊಂದು ಕಾಲನ್ನೂ ಹೊಸ್ತಿಲಿನಿಂದ ಆಚೆಗಿಟ್ಟಳು. ಕಲ್ಲಿನ ಬುಡದಲ್ಲಿ ಚಕ್ಕಳಮಕ್ಕಳ ಹಾಕಿ ಕೂತು ಬಾಯಿ ತೆರೆದಳು. ಜಯಶೀಲ ಒಂದು ತುತ್ತು ಅತ್ತೆಗೆ, ಒಂದು ಅಗುಳು ಮಗುವಿಗೆ ಇಡುತ್ತ ಹೋದಳು.

ಓಣಿಯಲ್ಲಿ ಮಾತು ಹುಟ್ಟದೆ ಇರುತ್ತದೆಯೇ? ಪುಟ್ಟನಂಜಮ್ಮ ನನ್ನೆದುರಿಗೇ ತಗಲಿಕೊಂಡರು. "ಏನೇ ಜಯಶೀಲ, ಕಾಲ ಹೀಗೂ ಬಂತೇನೇ? ಅತ್ತೇನ ಹೆಸರು ಹಿಡಿದು ಕೂಗ್ತೀಯಲ್ಲ, ಬಾರೇ ಹೋಗೇ ಅಂತ! ನಾಕು ಮನೆಗೆ ಕೇಳ್ಸುತ್ತೆ."

ಜಯಶೀಲ ಮೊರದಲ್ಲಿದ್ದ ಅಕ್ಕಿಯಿಂದ ಕಣ್ಣೆತ್ತಲಿಲ್ಲ. "ಅತ್ತೆ ಹೆಸರು ನಾನೆಲ್ಲಿ ಹೇಳ್ದೆ ಅಜ್ಜಿ? ನನ್ನ ಮಗಳ ಹೆಸರು ಹೇಳ್ದೆ."

ಪುಟ್ಟನಂಜಮ್ಮ ಮಾರನೆಯ ದಿನ ಒಂದು ಬಟ್ಟಲು ಹೆಸರುಬೇಳೆ ಪಾಯಸ ಹಿಡಿದುಕೊಂಡು ಬಂದು, "ನಿನ್ನ ದೊಡ್ಡ ಮಗಳಿಗೆ ಕೊಡು," ಎಂದು ಇಟ್ಟುಹೋದರು.

ಅಮ್ಮ ಬದುಕಿದಳು. ನನಗೆ ಸಂತೋಷವಾಗಬೇಕಿತ್ತು, ಆಯಿತು ಕೂಡ. ಆದರೆ ಒಳಗೊಂದು ಮುಳ್ಳೂ ಆಡುತ್ತಿತ್ತು. ಅವಳ ಹೊಟ್ಟೆಯಲ್ಲಿ ಹುಟ್ಟಿದವಳು ನಾನು. ಮೂಗು, ಗದ್ದ ಎಲ್ಲ ಅವಳ ತವರಿನ ಕಡೆಯದೇ ಎಂದು ನೋಡಿದವರೆಲ್ಲ ಹೇಳುತ್ತಿದ್ದರು. ಅವಳವ್ವನ ಹೋಲಿಕೆ ಈ ಮನೆಯಲ್ಲಿ ಯಾರಿಗಾದರೂ ಇದ್ದರೆ ನನಗೇ ಇರಬೇಕಲ್ಲವೇ?

ಜಯಶೀಲ ಮಗುವನ್ನೆತ್ತಿಕೊಂಡು ಆಸ್ಪತ್ರೆಗೆ ಚುಚ್ಚುಮದ್ದು ಹಾಕಿಸಲು ಹೋದ ದಿನ ನಾನು ಅನ್ನ ಕಲಸಿಕೊಂಡು ಅದೇ ಕಲ್ಲಿನ ಮೇಲೆ ಕೂತೆ. ತಲೆಗೆ ಸೆರಗು ಹೊದ್ದೆ. ಕರೆದೆ. "ಓ" ಎಂದು ಬಂದಳು. ಹೊಸ್ತಿಲ ಮೇಲೆ ನಿಂತು ಬಹಳ ಹೊತ್ತು ನನ್ನನ್ನೇ ನೋಡಿದಳು. ನಾನು ತುತ್ತು ಮಾಡಿ ಕೈ ಚಾಚಿದೆ.

"ನೀವು ಯಾರು ತಾಯಿ?" ಎಂದಳು, ಬಹಳ ಮರ್ಯಾದೆಯಿಂದ. "ನಮ್ಮವ್ವ ಈಗ ಬರ್ತಾಳೆ. ಕೂತಿರಿ."

ನನ್ನ ಕೈ ತಟ್ಟೆಗೆ ಇಳಿಯಿತು. ಅವಳು ನಿಧಾನವಾಗಿ ಹತ್ತಿರ ಬಂದು ನನ್ನ ಮುಖ ನೋಡಿದಳು. "ಅಯ್ಯೋ, ಎಷ್ಟು ಬಾಡಿದೀರಿ! ಹಸಿದಿದೀರಿ ಅಂತ ಕಾಣ್ತದೆ. ಉಣ್ಣಿ. ನಾಚ್ಕೋಬೇಡಿ, ನಮ್ಮವ್ವ ಏನೂ ಅನ್ನಲ್ಲ."

ನಾನು ಉಂಡೆ. ಅವಳಿಗೆಂದು ಕಲಸಿದ ಅನ್ನವನ್ನು ಅವಳೆದುರೇ ಕೂತು ಒಂದಗುಳು ಬಿಡದೆ ಉಂಡೆ. ಅವಳು ಮೊಣಕಾಲ ಮೇಲೆ ಗದ್ದವಿಟ್ಟುಕೊಂಡು, ಪ್ರತಿ ತುತ್ತೂ ಗಂಟಲಿಳಿಯುವವರೆಗೆ ನೋಡುತ್ತಿದ್ದಳು. ಚಿಕ್ಕಂದಿನಲ್ಲಿ ಜ್ವರ ಬಿಟ್ಟು ಎದ್ದ ದಿನ ಗಂಜಿ ಕೊಟ್ಟು ಹಾಗೇ ನೋಡುತ್ತಿದ್ದಳು. ನಮ್ಮಮ್ಮನ ಕೈಯ ಊಟ ನನಗೆ ಸಿಕ್ಕಿದ್ದು ಅದೇ ಕೊನೆ.

ಮಗು ಮಾತು ಕಲಿತು ಅಂಗಳದಲ್ಲಿ ಓಡಾಡುವ ಹೊತ್ತಿಗೆ ಅಮ್ಮ ಹೋದಳು. ಒಂದು ಮಧ್ಯಾಹ್ನ ಜಯಶೀಲ ಕರೆದಳು, ಓ ಎನ್ನಲಿಲ್ಲ. ಅಷ್ಟೇ ಆದದ್ದು.

ಹನ್ನೊಂದನೆಯ ದಿನದ ಊಟಕ್ಕೆ ನೆಂಟರೆಲ್ಲ ಬಂದಿದ್ದರು. ಇನ್ನು ಹೆಸರು ಪೂರ್ತಿ ಕೂಸಿನದೇ. ಆದರೆ ಅದು ಯಾರ ನಾಲಿಗೆಯ ಮೇಲೂ ಏಳುತ್ತಿರಲಿಲ್ಲ. ಕೂಸಿಗೂ ‘ಪಾಪು’ ಎಂದೇ ರೂಢಿಯಾಗಿತ್ತು. ಎಲೆ ಹಾಕಿದ ಮೇಲೆ ನೋಡಿದರೆ ಮಗುವಿಲ್ಲ. ಜಯಶೀಲ ಹಿತ್ತಲ ಬಾಗಿಲಿಗೆ ಹೋಗಿ "ಪಾಪೂ" ಎಂದಳು. ಉತ್ತರವಿಲ್ಲ. ಇನ್ನೊಂದು ಸಲ ಕರೆದಳು. ಆಮೇಲೆ, ದಿನವೂ ಕರೆಯುತ್ತಿದ್ದ ಅದೇ ರಾಗದಲ್ಲಿ ಕೂಗಿದಳು.

"ದೇವೀರೀ…"

ಸಾರು ಬಡಿಸುತ್ತಿದ್ದ ಸಿದ್ಧರಾಜು ಸೌಟು ಎತ್ತಿದವನು ಹಾಗೇ ನಿಂತ. ಪುಟ್ಟನಂಜಮ್ಮ ಎಲೆಯ ಮೇಲೆ ಕೈಯಿಟ್ಟವರು ತೆಗೆಯಲಿಲ್ಲ. ನಾನು ಹಿಂದಿನ ಕೋಣೆಯ ಕಡೆಗೆ ನೋಡುತ್ತಿದ್ದೆ.

"ಓ… ಬಂದೇ…"

ನುಗ್ಗೆಮರದ ಕಡೆಯಿಂದ ಬಂತು. ಅದೇ ಎಳೆತ, ಕೊನೆಯಲ್ಲಿ ಅದೇ ಏರು. ಕೈತುಂಬ ಕೆಸರು ಮಾಡಿಕೊಂಡು ಪಾಪು ಓಡಿಬಂದು, ಒಂದು ಕಾಲು ಹೊಸ್ತಿಲ ಒಳಗಿಟ್ಟು ನಿಂತಿತು. ಎಡಗೈ ಬಾಗಿಲವಾಡಕ್ಕೆ ಹೋಯಿತು. ನಮ್ಮನ್ನೆಲ್ಲ ಒಂದು ಸುತ್ತು ನೋಡಿ, ತಾಯಿಯ ಮುಖ ನೋಡಿ ಹೇಳಿತು.

"ಅಜ್ಜಿ ಇಲ್ಲ ಅಲ್ವಾ. ಅದಕ್ಕೇ ನಾನು ಬಂದೆ."

ಜಯಶೀಲ ಗೂಡಿನಿಂದ ತಂಬಿಗೆ ತೆಗೆದು, ನೀರು ತುಂಬಿಕೊಂಡು, ಹೊಸ್ತಿಲ ಬಳಿ ಕುಕ್ಕರಗಾಲಲ್ಲಿ ಕೂತು, ಆ ಪುಟ್ಟ ಕೈಗಳ ಮೇಲೆ ನೀರು ಹನಿಸತೊಡಗಿದಳು. ಕೆಸರು ಬಿಟ್ಟುಕೊಂಡು ನೀರು ತಿಳಿಯಾಗುತ್ತ ಬಂತು. ಮಗು ಒದ್ದೆ ಬೆರಳನ್ನು ಚಾಚಿ, ತಂಬಿಗೆಯ ಕಂಠದ ಕೆಳಗಿನ ಚುಕ್ಕೆಗಳನ್ನು ಒಂದೊಂದಾಗಿ ಮುಟ್ಟುತ್ತಿತ್ತು.