ತಾಯಿಮೀನಿಲ್ಲದ ಮಡು

ಮೀನು ಎಲ್ಲಿಂದ ಬರುತ್ತದೆ ಎಂದು ಯಾರಾದರೂ ಕೇಳಿದರೆ ಪಾಂಡಪ್ಪನಿಗೆ ನಗು ಬರುತ್ತಿತ್ತು. ಮುಂಗಾರಿನ ಕೆಂಪು ನೀರಿನ ಜೊತೆ ಮೇಲಿಂದ ಬರುತ್ತದೆ, ಹೊಳೆತಾಯಿ ಗಂಗವ್ವ ಕಳಿಸುತ್ತಾಳೆ. ಅಜ್ಜ ಹೇಳಿದ್ದೂ ಅದೇ, ಅಪ್ಪ ಹೇಳಿದ್ದೂ ಅದೇ. ಮುಧೋಳದ ಕೆಳಗೆ ಘಟಪ್ರಭೆಯ ದಂಡೆಯಲ್ಲಿದ್ದ ನಾಲ್ಕು ಅಂಬಿಗರ ಮನೆಗಳಿಗೆ ಅವನೇ ಹಿರಿಯ. ಅವನ ಮಾತಿಗೆ ಎದುರಾಡುವವರು ಇರಲಿಲ್ಲ. ಇದ್ದಿದ್ದರೆ ಚೆನ್ನಾಗಿತ್ತು.

ಅಲ್ಲಿನ ದೊಡ್ಡ ಮಡುವಿಗೆ ಸಂಸ್ಥಾನದ ಕಾಲದಲ್ಲಿ ಯಾರೂ ಬಲೆ ಹಾಕದಂತೆ ಕಾವಲಿತ್ತು. ಬೇಸಿಗೆಯಲ್ಲಿ ಹೊಳೆಯೆಲ್ಲ ಮರಳಾದರೂ ಮಡುವಿನಲ್ಲಿ ಎರಡಾಳು ನೀರು ನಿಲ್ಲುತ್ತಿತ್ತು. ಹೊಳೆಯ ದೊಡ್ಡ ಬಾಳೆಮೀನುಗಳೆಲ್ಲ ಅಲ್ಲಿ ಬಂದು ಸೇರುತ್ತಿದ್ದವು. ಸಂಸ್ಥಾನ ಹೋಗಿ ಮುಂಬಯಿ ರಾಜ್ಯ ಬಂತು, ಕಾವಲುಗಾರ ಮನೆ ಸೇರಿದ. ಮರುವರ್ಷದ ಚೈತ್ರದಲ್ಲಿ ಪಾಂಡಪ್ಪ ನಾಲ್ಕೂ ಮನೆಯ ಬಲೆಗಳನ್ನು ಒಂದಕ್ಕೊಂದು ಹೊಲಿಸಿ, ಮಡುವಿನಲ್ಲಿ ಆ ದಂಡೆಯಿಂದ ಈ ದಂಡೆಗೆ ಮೂರು ದಿನ ಎಳೆಸಿದ. ಆಳುದ್ದದ ಮೀನುಗಳು ಬಂದವು, ತತ್ತಿ ಕಟ್ಟಿದ ಹೆಣ್ಣುಗಳೇ ಹೆಚ್ಚು. ಹೆಂಗಸರು ಜಮಖಂಡಿಗೆ, ರಬಕವಿಗೆ, ಬನಹಟ್ಟಿಗೆ ಹೊತ್ತದ್ದೇ ಹೊತ್ತದ್ದು. ಹೊರಲಾಗದೆ ಉಳಿದದ್ದು ಕೊಳೆತು ನಾರಿ ಕಬ್ಬಿನ ಹೊಲಕ್ಕೆ ಗೊಬ್ಬರವಾಯಿತು. ಮುಂದಿನ ಎರಡು ಬೇಸಿಗೆಯಲ್ಲೂ ಹಾಗೆಯೇ ಎಳೆದರು. ಕೊನೆಯ ಸಲ ಬಲೆಗೆ ಬಂದದ್ದು ಕೆಸರು ಮತ್ತು ಯಾರದೋ ಕಾಲಿನ ಹಳೆಯ ಕೆರ.

ಆ ವರ್ಷ ಕೆಂಪು ನೀರು ಬಂತು, ಮೀನು ಬರಲಿಲ್ಲ. ಪಾಂಡಪ್ಪ ಗಂಗವ್ವನಿಗೆ ಹಸಿರು ಸೀರೆ ಬಿಟ್ಟ, ಕೋಳಿ ಕೊಯ್ದ, ಮೇಲಿನ ಊರವರೇ ಮೀನನ್ನು ತಡೆದರೆಂದು ಬೈದಾಡಿದ. ಅವನ ಹೆಂಡತಿ ಸಾತವ್ವ ಬರಿಬಲೆಯನ್ನು ಒಣಹಾಕುತ್ತ, ತಡೆಯಲಾರದೆ ಹೇಳಿಬಿಟ್ಟಳು.

“ಮೂವತ್ತ ವರ್ಷ ಬಲಿಯಾಗಿನ ಮೀನ ಬಿಡಿಸೀನ್ರಿ ನಾ. ಹೊಸ ನೀರಾಗ ಸಿಕ್ಕ ಮೀನಿನ ಮಾರಿ ಯಾವಾಗೂ ಹೊಳಿ ಮ್ಯಾಲಕ ಇರತಿತ್ತು. ಮ್ಯಾಲಿಂದ ಬರೂದಾಗಿದ್ರ ಮಾರಿ ಕೆಳಗ ಇರಬೇಕಿತ್ತಲ್ಲರಿ? ಅವು ನಮ್ಮ ಮಡುವಿಂದನ ಮ್ಯಾಲಕ ಹೊಂಡತಿದ್ದು, ತತ್ತಿ ಇಡಾಕ. ಬೀಜದ ಕಾಳ ಕುಟಿಗೊಂಡ ಉಂಡೇವಿ ನಾವು.”

ಪಾಂಡಪ್ಪನಿಗೆ ಸಿಟ್ಟು ಬಂತು. ಮೇಲಕ್ಕೆ ತಿರುಗಿದ ಆ ಮುಖಗಳನ್ನು ಅವನೂ ಕಂಡವನೇ, ಕಂಡರೂ ಕಂಡಿರಲಿಲ್ಲ. ಸಿಟ್ಟು ಇಳಿದ ಮೇಲೆ ಉಳಿದದ್ದು ನಾಚಿಕೆ. ಕೆಟ್ಟ ಮೇಲೆ ಬುದ್ಧಿ ಬಂತು. ನಾಲ್ಕು ಮನೆಯವರನ್ನು ಬೀರೇಶ್ವರನ ಗುಡಿಗೆ ಕರೆದು, ದೇವರ ಅರಿಸಿನದ ಭಂಡಾರ ಮುಟ್ಟಿಸಿ, ನಾಲ್ಕು ವರ್ಷ ಹೊಳೆಗೆ ಬಲೆ ಇಳಿಸುವುದಿಲ್ಲವೆಂದು ಆಣೆ ಮಾಡಿಸಿದ. ತಮ್ಮ ಕಾಶಪ್ಪ ಮಾತ್ರ ಗೊಣಗುತ್ತಲೇ ಮುಟ್ಟಿದ. ಅಷ್ಟು ಮಾಡಿಯೂ ಮೀನು ಬರದಿದ್ದರೆ ತಾನು ಬನಹಟ್ಟಿಯ ಮಗ್ಗಕ್ಕೆ ಹೋಗಿಬಿಡುತ್ತೇನೆ, ಮತ್ತೆ ಈ ದಂಡೆಗೆ ಕಾಲಿಡುವುದಿಲ್ಲ ಎಂದ. ಉಳಿದ ಎರಡು ಮನೆಯವರೂ ತಾವೂ ಹಾಗೆಯೇ ಎಂದು ತಲೆಯಾಡಿಸಿದರು.

ಹೊಳೆಯಲ್ಲಿ ಹುಟ್ಟಿದವರು ಲೋಕಾಪುರದ ರಸ್ತೆಯಲ್ಲಿ ಜಲ್ಲಿ ಒಡೆದರು. ಕಾಶಪ್ಪನ ಹೆಂಡತಿ ಯಲ್ಲಕ್ಕ ನೇಕಾರರ ಮನೆಯಲ್ಲಿ ನೂಲು ಸುತ್ತಿದಳು. ಎಷ್ಟೋ ದಿನ ಒಲೆ ಹೊತ್ತಲಿಲ್ಲ, ಆದರೂ ಆಣೆಯನ್ನು ಒಬ್ಬರೂ ಮುರಿಯಲಿಲ್ಲ. ಇದನ್ನು ಒತ್ತಿ ಹೇಳುತ್ತಿದ್ದೇನೆ, ಯಾಕೆಂದರೆ ಮುಂದೆ ಆದದ್ದಕ್ಕೆ ಅವರ ಹಸಿವನ್ನು ಯಾರೂ ದೂರಬಾರದು.

ನಾಲ್ಕನೆಯ ಮುಂಗಾರಿನಲ್ಲಿ ಹೊಸ ನೀರು ಏರಿ ದಂಡೆಯ ಹುಲ್ಲು ಮುಳುಗಿದ ಬೆಳಿಗ್ಗೆ ನಾಲ್ಕೂ ಮನೆಯವರು ಬಂದು ನಿಂತರು. ಹೊತ್ತೇರಿದ ಮೇಲೆ ಮೊಣಕಾಲುದ್ದದ ನೀರಿನಲ್ಲಿ ಹುಲ್ಲು ಅಲುಗಿತು. ಬಾಳೆಮೀನು. ಯಲ್ಲಕ್ಕ ಅತ್ತೇಬಿಟ್ಟಳು. ಪಾಂಡಪ್ಪ ಎರಡೂ ಕೈ ಎತ್ತಿ ಮುಗಿದ.

ಸಾತವ್ವ ಬಗ್ಗಿ ನೋಡಿದಳು. ಮೀನು ಮೊಳದುದ್ದವೂ ಇರಲಿಲ್ಲ. ಹಿಂದೆ ಇಷ್ಟು ಸಣ್ಣದು ಸಿಕ್ಕರೆ ಬೆಳೆಯಲಿ ಎಂದು ತಿರುಗಿ ನೀರಿಗೆ ಬಿಡುತ್ತಿದ್ದರು.

“ದೊಡ್ಡವು ಒಂದೂ ಉಳದಿಲ್ರಿ,” ಎಂದಳು. “ಕೂಸ ಬಸಿರಾಗೇತಿ.”

ಹನ್ನೆರಡನೆಯ ವಯಸ್ಸಿಗೇ ಹಡೆದವಳು ಸಾತವ್ವ. ಆ ಪುಟ್ಟ ಮೀನಿನ ಉಬ್ಬಿದ ಹೊಟ್ಟೆಯನ್ನು ಅವಳು ಕಣ್ಣು ಕೀಳದೆ ನೋಡಿದಳು. ಹಿಂದಿನ ತಾಯಿಮೀನಿನ ಹೊಟ್ಟೆಯಲ್ಲಿ ಕೊಡ ತುಂಬ ತತ್ತಿ ಇರುತ್ತಿತ್ತು. ಇದು ಹುಲ್ಲಿಗೆ ಅಂಟಿಸಿ ಹೋದದ್ದು ಒಂದು ಹಿಡಿ.

ಆಮೇಲೆ ಗಿರ್ಲಿಗಳು ಬಂದವು. ಬೆರಳುದ್ದದ, ಮುಳ್ಳು ಮುಳ್ಳಾದ, ಸಂತೆಯಲ್ಲಿ ಯಾರೂ ಮೂಸಿ ನೋಡದ ಮೀನು. ಹಿಂದೆ ಬಾಳೆಮೀನುಗಳು ಇವನ್ನೇ ತಿಂದು ದೊಡ್ಡವಾಗುತ್ತಿದ್ದವು. ತಿನ್ನುವವು ಇಲ್ಲವಾದ ಮೇಲೆ ಇವು ಹೊಳೆ ತುಂಬ ಹೆಚ್ಚಿದ್ದವು, ಭಂಡಾರದ ಆಣೆ ಇವನ್ನೂ ಕಾಪಾಡಿತ್ತು. ನೀರು ಕಪ್ಪಾಗುವಷ್ಟು ಬಂದು ತತ್ತಿಯ ಹುಲ್ಲಿಗೆ ಬಾಯಿ ಹಾಕಿದವು.

ಪಾಂಡಪ್ಪ ನೀರಿಗೆ ಹಾರಿ ದೋಣಿಯ ಹುಟ್ಟಿನಿಂದ ಬಡಿದ. ಬಲಕ್ಕೆ ಚದುರಿದವು ಎಡದಿಂದ ಬಂದವು. ಕಾಶಪ್ಪನೂ ಇಳಿದು ಪಂಚೆ ಬಿಚ್ಚಿ ಅಡ್ಡ ಹಿಡಿದ. ಕೊನೆಗೆ ಪಾಂಡಪ್ಪ ಹುಟ್ಟು ಎಸೆದು, ನೀರಿನಲ್ಲಿ ಕುಕ್ಕರಿಸಿ, ಹುಲ್ಲನ್ನು ಎರಡೂ ಅಂಗೈಯಿಂದ ಮುಚ್ಚಿಕೊಂಡ. ಗಿರ್ಲಿಗಳು ಬೆರಳ ಸಂದಿಯಿಂದ ನುಗ್ಗಿದವು. ಅವುಗಳ ಮುಳ್ಳಿಗೆ ಅವನ ಕೈ ರಕ್ತವಾಯಿತು. ತುಸು ಹೊತ್ತಿಗೆ ಅವು ತಾವಾಗಿಯೇ ಹೊರಟುಹೋದವು. ತಿನ್ನಲು ಏನೂ ಉಳಿದಿರಲಿಲ್ಲ.

ಕಾಶಪ್ಪ ಅಣ್ಣನ ಪಕ್ಕ ಬಂದು ನಿಂತ. ಬನಹಟ್ಟಿಯ ಮಗ್ಗದ ಮಾತು ಎತ್ತಲಿಲ್ಲ.

“ಇನ್ನ ಎಷ್ಟ ವರ್ಷ ಹೊಳಿ ಹಂಗ ಬಿಡಬೇಕ ಹೇಳ ಅಣ್ಣಾ,” ಎಂದ. “ಬಿಡತೀವಿ.”

ಪಾಂಡಪ್ಪನಿಗೆ ಗೊತ್ತಿರಲಿಲ್ಲ. ಬರಿ ಹುಲ್ಲಿನ ಮೇಲಿಂದ ಅವನು ಕೈ ತೆಗೆಯಲೂ ಇಲ್ಲ.